ಕಿವಿಯಿಂದ ಹುಟ್ಟಿದ ಮಾತು

2001ರ ಜೂನ್‌ನಲ್ಲಿ ಅಮೆರಿಕದ ಟೀವಿಯಲ್ಲಿ ಪ್ರಸಾರವಾದ ಒಂದು ಸಂದರ್ಶನವನ್ನು ನಟನೆ ಕಲಿಯುವ ಹುಡುಗ ಹುಡುಗಿಯರು ಈಗಲೂ ಹುಡುಕಿಕೊಂಡು ನೋಡುತ್ತಾರೆ. ಕಾರ್ಯಕ್ರಮದ ಹೆಸರು ‘ಇನ್‌ಸೈಡ್ ದಿ ಆ್ಯಕ್ಟರ್ಸ್ ಸ್ಟುಡಿಯೊ’. ಅತಿಥಿ ಹಾಸ್ಯನಟ ರಾಬಿನ್ ವಿಲಿಯಮ್ಸ್. ಮಾತಿನ ನಡುವೆ ಅವರು ಎದ್ದು ಹೋಗಿ ಪ್ರೇಕ್ಷಕರಲ್ಲಿದ್ದ ಮಹಿಳೆಯೊಬ್ಬರಿಂದ ಶಾಲು ಕೇಳಿ ಪಡೆದರು. ತಲೆಯ ಮೇಲೆ ಹೊದ್ದರು, ಮುಸುಕು ಹಾಕಿದ ಹೆಣ್ಣಾದರು. ಮಡಚಿ ತಟ್ಟಿದರು, ಜಪಾನಿನ ಅಡುಗೆ ಸ್ಪರ್ಧೆಯ ಬಾಣಸಿಗರಾದರು. ಬಿಡಿಸಿ ಬೀಸಿದರು, ಕಾರು ತೊಳೆಯುವ ಯಂತ್ರವಾದರು. ಒಂದು ಪಾತ್ರಕ್ಕೂ ಇನ್ನೊಂದಕ್ಕೂ ನಡುವೆ ಉಸಿರಾಡುವಷ್ಟು ಬಿಡುವೂ ಇಲ್ಲ. ಸಭಾಂಗಣ ನಕ್ಕು ನಕ್ಕು ಸುಸ್ತಾಯಿತು.

ಇಂಥದ್ದನ್ನು ನೋಡಿದಾಗ ನಮಗೆಲ್ಲ ಹುಟ್ಟುವ ಪ್ರಶ್ನೆ ಒಂದೇ: ಈ ಮನುಷ್ಯನ ತಲೆಯೊಳಗೆ ನಡೆಯುವುದಾದರೂ ಏನು? ಸಂದರ್ಶಕ ಜೇಮ್ಸ್ ಲಿಪ್ಟನ್ ಅವರೂ ಅಂದು ಕೇಳಿದ್ದು ಇದನ್ನೇ, ನಮ್ಮೆಲ್ಲರ ತಲೆಗಿಂತ ನಿಮ್ಮ ತಲೆ ವೇಗವಾಗಿ ಓಡುತ್ತದೆಯೇ ಎಂದು. ಸಾಮಾನ್ಯವಾಗಿ ನಾವು ಕೊಟ್ಟುಕೊಳ್ಳುವ ಉತ್ತರ ‘ದೈವದತ್ತ ಪ್ರತಿಭೆ’ ಎಂಬುದು. ಅಲ್ಲಿಗೆ ವಿಚಾರ ಮುಗಿದುಹೋಗುತ್ತದೆ. ಆದರೆ ವಿಲಿಯಮ್ಸ್ ಅವರ ಬದುಕನ್ನು ಮೊದಲಿಂದ ಕೊನೆಯವರೆಗೆ ಗಮನಿಸಿದರೆ ಬೇರೆಯದೇ ಉತ್ತರ ಸಿಗುತ್ತದೆ. ಆಶುನಟನೆ ಎಂಬುದು ಬಾಯಿಯ ಕಲೆಯಲ್ಲ, ಕಿವಿಯ ಕಲೆ. ಅದನ್ನು ಅವರು ಜೀವನಪೂರ್ತಿ ಕಲಿತರು.

ವಿಲಿಯಮ್ಸ್ ಹುಟ್ಟಿದ್ದು 1951ರ ಜುಲೈ 21ರಂದು, ಷಿಕಾಗೊದಲ್ಲಿ. ತಂದೆ ಫೋರ್ಡ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ತಾಯಿ ಹಿಂದೆ ಮಾಡೆಲ್ ಆಗಿದ್ದವರು. ಮಿಷಿಗನ್‌ನ ವಿಶಾಲವಾದ ಮನೆಯಲ್ಲಿ ಹುಡುಗ ಬಹುಪಾಲು ಒಬ್ಬನೇ ಬೆಳೆದ. ಮಲಸಹೋದರರಿಬ್ಬರು ಬೇರೆ ಕಡೆ ಇದ್ದರು. ಆಟಿಕೆಯ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬನಿಗೂ ಒಂದೊಂದು ದನಿ ಕೊಟ್ಟು ಮಾತಾಡಿಸುವುದೇ ಅವನ ಆಟ. ತಾಯಿಯನ್ನು ನಗಿಸಿದರೆ ಅವರ ಗಮನ ಸಿಗುತ್ತದೆ ಎಂದು ಹುಡುಗನಿಗೆ ಬೇಗನೆ ಗೊತ್ತಾಯಿತು. ತಂದೆಯನ್ನು ನಗಿಸುವುದು ಮಾತ್ರ ಸುಲಭವಿರಲಿಲ್ಲ. ಅಂಥ ತಂದೆ ಒಂದು ದಿನ ಟೀವಿಯ ಮುಂದೆ ಬಿದ್ದು ಬಿದ್ದು ನಗುತ್ತಿದ್ದುದನ್ನು ಅವನು ಕಂಡ. ಪರದೆಯ ಮೇಲಿದ್ದವರು ಜೊನಾಥನ್ ವಿಂಟರ್ಸ್. ಕೈಗೆ ಒಂದು ಕೋಲು ಕೊಟ್ಟರೆ ಅದನ್ನೇ ಗಾಳ, ಈಟಿ, ಪಿಟೀಲು, ಏನು ಬೇಕಾದರೂ ಮಾಡಬಲ್ಲ ಹಾಸ್ಯಗಾರ. ವಿಂಟರ್ಸ್ 2013ರಲ್ಲಿ ತೀರಿಕೊಂಡಾಗ ವಿಲಿಯಮ್ಸ್ ಈ ನೆನಪನ್ನು ಬರೆದು, ಅವರನ್ನು ತಮ್ಮ ಗುರು ಎಂದು ಕರೆದರು.

ವಿಲಿಯಮ್ಸ್ ಅವರ ಹದಿನಾರರ ವಯಸ್ಸಿನಲ್ಲಿ ಕುಟುಂಬ ಕ್ಯಾಲಿಫೋರ್ನಿಯಾದ ಟಿಬುರಾನ್‌ಗೆ ಬಂತು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಲು ಸೇರಿದವರು ಅಲ್ಲಿನ ಆಶುನಟನೆಯ ತರಗತಿಗೆ ಮನಸೋತು ಉಳಿದದ್ದನ್ನೆಲ್ಲ ಕೈಬಿಟ್ಟರು. ನಟನಾಗುತ್ತೇನೆ ಎಂದಾಗ ತಂದೆ ಬೇಡ ಅನ್ನಲಿಲ್ಲ. ಒಳ್ಳೆಯದು, ಆದರೆ ಕೈಯಲ್ಲಿ ವೆಲ್ಡಿಂಗ್‌ನಂಥ ಇನ್ನೊಂದು ಕಸುಬೂ ಇರಲಿ ಅಂದರು. ಮುಂದೆ ಆಸ್ಕರ್ ವೇದಿಕೆಯ ಮೇಲೆ ನಿಂತಾಗ ಮಗ ಈ ಮಾತನ್ನು ನೆನೆದು ತಂದೆಗೆ ವಂದನೆ ಹೇಳಿದರು. ಮೂರು ವರ್ಷ ಕಾಲೇಜ್ ಆಫ್ ಮರೀನ್‌ನಲ್ಲಿ ರಂಗಶಿಕ್ಷಣ, ಆಮೇಲೆ 1973ರಲ್ಲಿ ಪೂರ್ಣ ವಿದ್ಯಾರ್ಥಿವೇತನದೊಂದಿಗೆ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆ. ಮುಂದೆ ಸೂಪರ್‌ಮ್ಯಾನ್ ಆಗಿ ಹೆಸರಾದ ಕ್ರಿಸ್ಟೊಫರ್ ರೀವ್ ಅಲ್ಲಿ ಸಹಪಾಠಿ, ಪ್ರಾಣಮಿತ್ರ. ದೇಶದೇಶದ ಉಚ್ಚಾರಣೆಗಳನ್ನು ಕಲಿಸಲು ನುರಿತಿದ್ದ ಎಡಿತ್ ಸ್ಕಿನ್ನರ್ ಅವರಿಗೆ ಈ ವಿದ್ಯಾರ್ಥಿಗೆ ಏನು ಕಲಿಸುವುದೆಂದೇ ತೋಚಲಿಲ್ಲ ಎಂದು ರೀವ್ ಬರೆದಿದ್ದಾರೆ. ಅಷ್ಟೊಂದು ದನಿಗಳು ಆಗಲೇ ಅವರ ಗಂಟಲಲ್ಲಿದ್ದವು. ಬಿಡುವಿದ್ದಾಗ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಬೀದಿಯಲ್ಲಿ ಮೂಕಾಭಿನಯ ಮಾಡಿದರು. ಮಾತಿಲ್ಲದೆ ದಾರಿಹೋಕರನ್ನು ನಿಲ್ಲಿಸಬೇಕಾದರೆ ಅವರ ನಡಿಗೆ, ಮುಖ, ಅವಸರ ಎಲ್ಲವನ್ನೂ ಕ್ಷಣದಲ್ಲಿ ಗ್ರಹಿಸಬೇಕು. ಆ ಪಾಠ ಯಾವ ತರಗತಿಗೂ ಕಡಿಮೆಯದಲ್ಲ.

ಇಲ್ಲಿ ಆಶುನಟನೆಯ ಬಗ್ಗೆ ಸ್ವಲ್ಪ ಹೇಳಬೇಕು. ಅಮೆರಿಕದಲ್ಲಿ ಇದಕ್ಕೆ ಅಡಿಪಾಯ ಹಾಕಿದವರು ವಯೋಲಾ ಸ್ಪೋಲಿನ್ ಎಂಬ ಮಹಿಳೆ. ಷಿಕಾಗೊದಲ್ಲಿ ವಲಸಿಗರ ಮಕ್ಕಳಿಗಾಗಿ ಅವರು ರೂಪಿಸಿದ ರಂಗಆಟಗಳೇ ಮುಂದೆ ಈ ಕಲೆಯ ವ್ಯಾಕರಣವಾದವು. ಅವರ ಮಗ ಪಾಲ್ ಸಿಲ್ಸ್ ಮತ್ತು ಸಂಗಡಿಗರು 1959ರಲ್ಲಿ ಅದೇ ಊರಿನಲ್ಲಿ ‘ಸೆಕೆಂಡ್ ಸಿಟಿ’ ತಂಡ ಕಟ್ಟಿದರು. ಅಲ್ಲಿಂದ ಬಂದವರು 1963ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ದಿ ಕಮಿಟಿ’ ಶುರುಮಾಡಿದರು. ವಿಲಿಯಮ್ಸ್ ಕಲಾವಿದರಾಗಿ ಬೆಳೆದದ್ದು ಈ ಪರಂಪರೆಯ ಗಾಳಿ ಬೀಸುತ್ತಿದ್ದ ಊರಿನ ಆಸುಪಾಸಿನಲ್ಲಿ.

ಈ ಆಟದ ಮೊದಲ ನಿಯಮ, ಎದುರಿನವರು ಕೊಟ್ಟದ್ದನ್ನು ಒಪ್ಪಿಕೊಂಡು ಅದಕ್ಕೆ ಏನಾದರೂ ಸೇರಿಸುವುದು. ಒಬ್ಬ ನಟ ಬಂದು, ‘ಡಾಕ್ಟ್ರೇ, ನನ್ನ ನೆರಳು ಕಳೆದುಹೋಗಿದೆ’ ಅನ್ನುತ್ತಾನೆ. ಇನ್ನೊಬ್ಬ, ‘ನಾನು ಡಾಕ್ಟರ್ ಅಲ್ಲ’ ಅಂದರೆ ಆಟ ಅಲ್ಲಿಗೇ ನಿಂತಿತು. ‘ಹೋದ ವಾರ ಒಂದು ಕೊಟ್ಟು ಕಳಿಸಿದ್ನಲ್ರೀ, ಅದನ್ನೂ ಕಳಕೊಂಡ್ರಾ?’ ಅಂದರೆ ಒಂದು ಲೋಕವೇ ತೆರೆದುಕೊಳ್ಳುತ್ತದೆ. ಎರಡನೆಯವನು ಬುದ್ಧಿ ಓಡಿಸಿದ್ದಕ್ಕಿಂತ ಹೆಚ್ಚಾಗಿ ಮೊದಲನೆಯವನ ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದಾನೆ. ನಮ್ಮ ತಾಳಮದ್ದಳೆಯನ್ನು ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಅರ್ಥಧಾರಿ ಆಡುವ ಮಾತು ಬರೆದಿಟ್ಟದ್ದಲ್ಲ. ಆದರೆ ಅದರ ಹಿಂದೆ ವರ್ಷಗಟ್ಟಲೆ ಪುರಾಣಗಳ ಓದು ಇರುತ್ತದೆ, ಎದುರು ಕೂತವರ ಒಂದೊಂದು ಮಾತಿನ ಮೇಲೂ ನಿಗಾ ಇರುತ್ತದೆ.

1976ರಲ್ಲಿ ಜೂಲಿಯಾರ್ಡ್ ಬಿಟ್ಟ ವಿಲಿಯಮ್ಸ್ ಸ್ಯಾನ್ ಫ್ರಾನ್ಸಿಸ್ಕೊಗೆ ಮರಳಿ ‘ಹೋಲಿ ಸಿಟಿ ಝೂ’ ಎಂಬ ಪುಟ್ಟ ಕ್ಲಬ್ಬಿನಲ್ಲಿ ಸ್ಟ್ಯಾಂಡ್‌ಅಪ್ ಕಾಮಿಡಿ ಶುರುಮಾಡಿದರು. ಅಲ್ಲೇ ಬಾರ್‌ನಲ್ಲಿ ಕೆಲಸವನ್ನೂ ಮಾಡಿದರು. ಆಮೇಲೆ ಲಾಸ್ ಏಂಜಲಿಸ್‌ನ ‘ಕಾಮಿಡಿ ಸ್ಟೋರ್’. ಅದೃಷ್ಟ ತಿರುಗಿದ್ದು ‘ಹ್ಯಾಪಿ ಡೇಸ್’ ಧಾರಾವಾಹಿಯ ಒಂದು ಕಂತಿಗಾಗಿ ಅನ್ಯಗ್ರಹದ ಜೀವಿಯ ಪಾತ್ರಕ್ಕೆ ಹುಡುಕಾಟ ನಡೆದಾಗ. ಆಡಿಷನ್‌ನಲ್ಲಿ ‘ಕೂತ್ಕೊಳ್ಳಿ’ ಎಂದಾಗ ವಿಲಿಯಮ್ಸ್ ಕುರ್ಚಿಯ ಮೇಲೆ ತಲೆ ಕೆಳಗಾಗಿ ಕೂತರು. ನಿರ್ಮಾಪಕ ಗ್ಯಾರಿ ಮಾರ್ಷಲ್ ಅವರಿಗೆ ಬೇರೆ ಯಾರನ್ನೂ ನೋಡುವ ಅಗತ್ಯ ಬೀಳಲಿಲ್ಲ. 1978ರ ಫೆಬ್ರವರಿಯಲ್ಲಿ ಆ ಕಂತು ಪ್ರಸಾರವಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಆ ಪಾತ್ರಕ್ಕೆಂದೇ ‘ಮಾರ್ಕ್ ಆ್ಯಂಡ್ ಮಿಂಡಿ’ ಧಾರಾವಾಹಿ ಹುಟ್ಟಿತು.

ಆ ಸೆಟ್ಟಿನ ಒಂದು ಸಂಗತಿ ಬಹಳ ಅರ್ಥಪೂರ್ಣ. ಅಂಥ ಧಾರಾವಾಹಿಗಳಿಗೆ ಮೂರು ಕ್ಯಾಮೆರಾ ಸಾಕಾಗುತ್ತಿತ್ತು. ವಿಲಿಯಮ್ಸ್ ಯಾವ ಕ್ಷಣ ಎಲ್ಲಿರುತ್ತಾರೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಒಳ್ಳೊಳ್ಳೆಯ ತುಣುಕುಗಳು ಕ್ಯಾಮೆರಾದ ಕಣ್ಣು ತಪ್ಪಿಸಿ ಹೋಗುತ್ತಿದ್ದವು. ಕಡೆಗೆ ವಿಲಿಯಮ್ಸ್ ಅವರನ್ನು ಹಿಂಬಾಲಿಸುವುದಕ್ಕೆಂದೇ ಮಾರ್ಷಲ್ ನಾಲ್ಕನೆಯ ಕ್ಯಾಮೆರಾ ತರಿಸಿದರು. ಎಲ್ಲರೂ ಈ ನಾಲ್ಕನೆಯ ಕ್ಯಾಮೆರಾದ ಬಗ್ಗೆ ಮಾತಾಡುತ್ತಾರೆ. ನಾನು ನೆನೆಯುವುದು ಸಹನಟಿ ಪ್ಯಾಮ್ ಡಾಬರ್ ಅವರನ್ನು. ವಿಲಿಯಮ್ಸ್ ಹುಚ್ಚೆದ್ದು ಹರಿಯುವಾಗ ಅಲುಗದೆ ನಿಂತು, ಆ ಮಾತನ್ನು ನಂಬಿದವಳಂತೆ ಕೇಳಿಸಿಕೊಂಡು ಕಥೆಯನ್ನು ದಡಕ್ಕೆ ತರುತ್ತಿದ್ದವರು ಅವರೇ. ಆಗ ಕಿವಿಯ ಕೆಲಸ ಡಾಬರ್ ಅವರದಾಗಿತ್ತು. ಇಪ್ಪತ್ತೇಳರ ವಿಲಿಯಮ್ಸ್ ಇನ್ನೂ ಮಾತಿನ ಮೇಲೆ ಮಾತು ಹೇರುವ ಹಂತದಲ್ಲಿದ್ದರು.

ಆ ಹಂತದ ಅಪಾಯಗಳೂ ಅವರನ್ನು ಬಿಡಲಿಲ್ಲ. ಕ್ಲಬ್ಬುಗಳಲ್ಲಿ ಕೇಳಿಸಿಕೊಂಡ ಬೇರೆಯವರ ಜೋಕುಗಳು ಅವರ ಬಾಯಲ್ಲಿ ಬರುತ್ತವೆ ಎಂಬ ದೂರು ಎದ್ದಿತು. ವೇದಿಕೆಯ ಮೇಲೆ ಸುರಿಯುವಾಗ ಯಾವುದು ತನ್ನದು, ಯಾವುದು ಕೇಳಿದ್ದು ಎಂಬ ಗೆರೆ ಅಳಿಸಿಹೋಗುತ್ತಿತ್ತು. ಅವರು ಅದನ್ನು ಒಪ್ಪಿಕೊಂಡರು, ದೂರಿದವರಿಗೆ ಹಣ ಕೊಟ್ಟರು, ಆಮೇಲೆ ಬೇರೆಯವರ ಕಾರ್ಯಕ್ರಮಗಳಿಂದಲೇ ದೂರ ಉಳಿಯತೊಡಗಿದರು. ಕೊಕೇನ್ ಮತ್ತು ಕುಡಿತವೂ ಹಿಡಿದುಕೊಂಡವು. 1982ರ ಮಾರ್ಚ್‌ನಲ್ಲಿ ಗೆಳೆಯ ಜಾನ್ ಬೆಲೂಶಿ ಮಾದಕದ್ರವ್ಯಕ್ಕೆ ಬಲಿಯಾದರು. ಆ ರಾತ್ರಿ ವಿಲಿಯಮ್ಸ್, ಬೆಲೂಶಿಯವರನ್ನು ಕಂಡು ಬಂದಿದ್ದರು. ಆ ಆಘಾತ, ಜೊತೆಗೆ ತಂದೆಯಾಗಲಿದ್ದ ಜವಾಬ್ದಾರಿ ಎರಡೂ ಸೇರಿ ಅವರನ್ನು ಚಟದಿಂದ ಹೊರಗೆ ತಂದವು. ಸೈಕಲ್ ತುಳಿಯುವುದು ಅವರ ಹೊಸ ಗೀಳಾಯಿತು. ಧಾರಾವಾಹಿಯ ಕೊನೆಯ ವರ್ಷ ಅವರ ಆರಾಧ್ಯದೈವ ವಿಂಟರ್ಸ್ ಅವರೇ ವಿಲಿಯಮ್ಸ್ ಪಾತ್ರದ ಮಗನಾಗಿ ಬಂದು ಸೇರಿದರು. ಎದುರಿಗೆ ತನ್ನ ಗುರುವೇ ನಿಂತಾಗ ಶಿಷ್ಯ ಬಾಯಿ ಮುಚ್ಚಿ ನೋಡುವುದನ್ನೂ ಕಲಿಯಬೇಕಾಯಿತು.

ಸಿನಿಮಾ ಅವರಿಗೆ ಸುಲಭವಾಗಿ ಒಲಿಯಲಿಲ್ಲ. ಬರೆದ ಮಾತನ್ನೇ ಆಡಿಸಿದರೆ ಕಿಡಿ ಆರುತ್ತಿತ್ತು, ಪೂರ್ತಿ ಬಿಟ್ಟರೆ ಕಥೆ ಕೆಡುತ್ತಿತ್ತು. 1987ರ ‘ಗುಡ್ ಮಾರ್ನಿಂಗ್, ವಿಯೆಟ್ನಾಂ’ ಚಿತ್ರದಲ್ಲಿ ನಿರ್ದೇಶಕ ಬ್ಯಾರಿ ಲೆವಿನ್‌ಸನ್ ದಾರಿ ಕಂಡುಕೊಂಡರು. ಪಾತ್ರ, ಯುದ್ಧಭೂಮಿಯ ಸೈನಿಕರಿಗೆ ರೇಡಿಯೊ ಕಾರ್ಯಕ್ರಮ ನಡೆಸಿಕೊಡುವವನದು. ಮೈಕಿನ ಮುಂದೆ ಕೂರಿಸಿ, ಕ್ಯಾಮೆರಾ ಓಡಲು ಬಿಟ್ಟು, ನಿಮಗೆ ಬಂದದ್ದು ಆಡಿ ಎಂದರು. ಉಳಿದ ದೃಶ್ಯಗಳಲ್ಲಿ ಬಿಗಿ ಇತ್ತು. ಹರಿಯುವುದಕ್ಕೂ ನಿಲ್ಲುವುದಕ್ಕೂ ಎರಡು ಬೇರೆ ಜಾಗ ಸಿಕ್ಕಿದ್ದೇ ತಡ, ಮೊದಲ ಸಲ ಆಸ್ಕರ್ ನಾಮನಿರ್ದೇಶನ ಬಂತು.

1992ರ ‘ಅಲಾದಿನ್’ನಲ್ಲಿ ಜೀನಿಯ ಪಾತ್ರ ಬರೆಯುವಾಗಲೇ ನಿರ್ದೇಶಕರ ಮನಸ್ಸಿನಲ್ಲಿದ್ದದ್ದು ಅವರ ದನಿ. ಒಪ್ಪಿಸುವುದಕ್ಕಾಗಿ ಆ್ಯನಿಮೇಟರ್ ಎರಿಕ್ ಗೋಲ್ಡ್‌ಬರ್ಗ್, ವಿಲಿಯಮ್ಸ್ ಅವರ ಹಳೆಯ ಸ್ಟ್ಯಾಂಡ್‌ಅಪ್ ಧ್ವನಿಮುದ್ರಿಕೆಯ ತುಣುಕಿಗೇ ಚಿತ್ರ ಬರೆದು ತೋರಿಸಿದರು. ಜೀನಿಗೆ ಇನ್ನೊಂದು ತಲೆ ಮೂಡಿ ತನ್ನೊಡನೆ ತಾನೇ ವಾದಿಸುವುದನ್ನು ಕಂಡು ವಿಲಿಯಮ್ಸ್ ನಕ್ಕರು, ಒಪ್ಪಿದರು. ಧ್ವನಿಮುದ್ರಣದಲ್ಲಿ ಮೊದಲು ಸ್ಕ್ರಿಪ್ಟ್ ಇದ್ದ ಹಾಗೆ, ಆಮೇಲೆ ತಮ್ಮದೇ ರೀತಿಯಲ್ಲಿ, ಮತ್ತೆ ಇನ್ನೊಂದು ರೀತಿಯಲ್ಲಿ. ಚಿತ್ರದ ಆರಂಭದ ವ್ಯಾಪಾರಿಗೂ ಅವರದೇ ದನಿ. ಆ ದೃಶ್ಯಕ್ಕೆ ಹಲವು ವಸ್ತುಗಳನ್ನು ಬಟ್ಟೆಯಿಂದ ಮುಚ್ಚಿ ಇಡಲಾಗಿತ್ತು. ಕೈಗೆ ಸಿಕ್ಕಿದ್ದನ್ನು ಎತ್ತಿ ಅದನ್ನು ಮಾರುವ ಮಾತು ಕಟ್ಟುತ್ತ ಹೋದರು. ಒಟ್ಟು ಧ್ವನಿಮುದ್ರಣ ಸುಮಾರು 16 ಗಂಟೆಗಳಷ್ಟಾಯಿತು. ಇದಕ್ಕೆಲ್ಲ ಅವರು ಪಡೆದದ್ದು ನಟರ ಸಂಘದ ಕನಿಷ್ಠ ದರ, 75,000 ಡಾಲರ್. ಸರಕು ಮಾರಲು ತಮ್ಮ ದನಿ ಬಳಸಬಾರದು ಎಂಬುದು ಅವರ ಷರತ್ತಾಗಿತ್ತು. ಚಿತ್ರ ನಿರ್ಮಿಸಿದ ಡಿಸ್ನಿ ಅದನ್ನು ಮುರಿದಾಗ ಸಂಬಂಧ ಕಡಿದುಕೊಂಡರು. ಸ್ಟುಡಿಯೊದ ಹೊಸ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದ ಮೇಲೆಯೇ ಮತ್ತೆ ಜೀನಿಯಾದರು.

ಮರುವರ್ಷದ ‘ಮಿಸೆಸ್ ಡೌಟ್‌ಫೈರ್’ ನಮಗೂ ಪರಿಚಿತ. ವಿಚ್ಛೇದನದ ನಂತರ ಮಕ್ಕಳೊಡನೆ ಇರಲು ಅಜ್ಜಿಯ ವೇಷ ಹಾಕಿ ಮನೆಗೆಲಸಕ್ಕೆ ಸೇರುವ ಅಪ್ಪನ ಈ ಕಥೆಯನ್ನೇ ಕಮಲ ಹಾಸನ್ ತಮಿಳಿನಲ್ಲಿ ‘ಅವ್ವೈ ಷಣ್ಮುಗಿ’, ಹಿಂದಿಯಲ್ಲಿ ‘ಚಾಚಿ 420’ ಮಾಡಿದರು. ನಿರ್ದೇಶಕ ಕ್ರಿಸ್ ಕೊಲಂಬಸ್ ಇಲ್ಲಿ ಹಲವು ಕ್ಯಾಮೆರಾ ಇಟ್ಟರು. ಕಾರಣ ವಿಲಿಯಮ್ಸ್ ಅಷ್ಟೇ ಅಲ್ಲ, ಅವರ ಹೊಸ ಮಾತಿಗೆ ಎದುರಿನವರ ಮುಖದಲ್ಲಿ ಆಗುವ ಬದಲಾವಣೆಯೂ ಬೇಕಿತ್ತು. ಅದು ಎರಡನೆಯ ಸಲ ಸಿಗುವಂಥದ್ದಲ್ಲ. ಮುಖವಾಡ ಕೈತಪ್ಪಿದಾಗ ಕೇಕಿನ ಕ್ರೀಮಿಗೆ ಮುಖ ಅದ್ದಿ ಬರುವ ದೃಶ್ಯ ನೆನಪಿರಬಹುದು. ಸ್ಟುಡಿಯೊದ ದೀಪಗಳ ಬಿಸಿಗೆ ಕ್ರೀಮು ಕರಗಿ ಚಹಾದ ಕಪ್ಪಿಗೆ ತೊಟ್ಟಿಕ್ಕತೊಡಗಿತು. ಇನ್ನೊಬ್ಬ ನಟ ‘ಕಟ್’ ಎನ್ನುತ್ತಿದ್ದ. ವಿಲಿಯಮ್ಸ್ ಅದನ್ನು ಅತಿಥಿಯ ಚಹಾಕ್ಕೆ ಹಾಕಿದ ಕೆನೆ ಎಂಬಂತೆ ನಿಭಾಯಿಸಿ ಮುಂದುವರಿದರು. ಆಕಸ್ಮಿಕವೂ ಅವರಿಗೆ ಸಹನಟನೇ. ಅದು ಕೊಟ್ಟದ್ದನ್ನು ಒಪ್ಪಿಕೊಂಡರು, ಅದಕ್ಕೆ ಸೇರಿಸಿದರು.

ಆದರೂ ಅವರ ದೊಡ್ಡ ಕೆಲಸ ಇರುವುದು ಅವರು ಮೌನವಾಗಿರುವ ಚಿತ್ರಗಳಲ್ಲಿ. 1990ರ ‘ಅವೇಕನಿಂಗ್ಸ್’ನಲ್ಲಿ ನರರೋಗ ವೈದ್ಯ ಆಲಿವರ್ ಸ್ಯಾಕ್ಸ್ ಅವರನ್ನು ಆಧರಿಸಿದ ಪಾತ್ರ. ವಿಲಿಯಮ್ಸ್ ಸ್ಯಾಕ್ಸ್ ಜೊತೆ ಓಡಾಡಿದರು, ರೋಗಿಗಳನ್ನು ಕಂಡರು. ಕೆಲವು ದಿನಗಳಾದ ಮೇಲೆ ಇಬ್ಬರೂ ಮಾತಾಡುತ್ತ ನಿಂತಿದ್ದಾಗ ಸ್ಯಾಕ್ಸ್‌ಗೆ ವಿಚಿತ್ರವೆನಿಸಿತು. ಎದುರಿನವರು ತನ್ನದೇ ಭಂಗಿಯಲ್ಲಿ ನಿಂತಿದ್ದಾರೆ, ತನ್ನದೇ ಕೈ, ತನ್ನದೇ ಚಲನೆ. ತನಗಿಂತ ಕಿರಿಯ ಅವಳಿ ಸೋದರ ಸಿಕ್ಕಂತಾಯಿತು ಎಂದು ಆಮೇಲೆ ಹೇಳಿದರು. ಅದು ಅಣಕವಾಗಿರಲಿಲ್ಲ. ಒಬ್ಬ ಮನುಷ್ಯನನ್ನು ಅಷ್ಟು ತೀವ್ರವಾಗಿ ಗಮನಿಸಿದರೆ ಅವನು ತನ್ನ ಮೈಯೊಳಗೇ ಬಂದು ಕೂರುತ್ತಾನೆ.

1997ರ ‘ಗುಡ್ ವಿಲ್ ಹಂಟಿಂಗ್’ನಲ್ಲಿ ಅವರು ಹೆಂಡತಿಯನ್ನು ಕ್ಯಾನ್ಸರ್‌ಗೆ ಕಳೆದುಕೊಂಡ ಮನಶ್ಶಾಸ್ತ್ರಜ್ಞ. ಎದುರಿಗೆ ಯಾರಿಗೂ ಬಾಯಿ ಬಿಡದ ಒರಟು ಹುಡುಗನಾಗಿ ಮ್ಯಾಟ್ ಡೇಮನ್. ಒಂದು ದೃಶ್ಯದಲ್ಲಿ ಸತ್ತ ಹೆಂಡತಿ ನಿದ್ದೆಯಲ್ಲಿ ಹೂಸು ಬಿಡುತ್ತಿದ್ದುದನ್ನು ಅವರು ನೆನಪಿಸಿಕೊಳ್ಳುತ್ತಾರೆ. ಇದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಡೇಮನ್ ಮುಖ ಕೆಂಪಾಗುವಂತೆ ನಗುವುದು ನಟನೆಯಲ್ಲ, ನಿಜವಾದ ನಗು. ಆದರೆ ಈ ಮಾತು ಬರೀ ತಮಾಷೆಯಾಗಿ ಉಳಿಯುವುದಿಲ್ಲ. ಸತ್ತವರ ವಿಷಯದಲ್ಲಿ ನಮ್ಮನ್ನು ಕಾಡುವುದು ಇಂಥ ಸಣ್ಣಪುಟ್ಟ ಕುಂದುಗಳೇ, ಬೇರೆ ಯಾರಿಗೂ ಗೊತ್ತಿಲ್ಲದವು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹುಡುಗನ ಬಿಗಿದ ಮನಸ್ಸು ಸಡಿಲಾಗುವುದು ಅಲ್ಲಿ. ಮೊದಲ ಧಾರಾವಾಹಿಯ ವಿಲಿಯಮ್ಸ್ ಆಗಿದ್ದರೆ ಆ ನಗುವಿನ ಬೆನ್ನಿಗೆ ಇನ್ನೂ ಹತ್ತು ನಗು ಪೋಣಿಸುತ್ತಿದ್ದರು. ಇಲ್ಲಿ ಒಂದೇ ನಗು ಹುಟ್ಟಿಸಿ, ಅದು ಎದುರಿನವನಿಗೆ ಏನು ಮಾಡಿತು ಎಂದು ನೋಡುತ್ತಾರೆ. ಪೋಷಕ ನಟನ ಆಸ್ಕರ್ ಬಂದದ್ದು ಈ ಪಾತ್ರಕ್ಕೆ.

ತೆರೆಯ ಹೊರಗೂ ಅವರು ಹೀಗೇ ಇದ್ದರು. 1995ರಲ್ಲಿ ಕುದುರೆಯಿಂದ ಬಿದ್ದು ರೀವ್ ಅವರ ಕತ್ತಿನಿಂದ ಕೆಳಗಿನ ದೇಹ ಸ್ವಾಧೀನ ಕಳೆದುಕೊಂಡಿತು. ಬದುಕುವುದೇ ಬೇಡ ಅನಿಸಿದ್ದ ದಿನಗಳಲ್ಲಿ ಶಸ್ತ್ರಚಿಕಿತ್ಸೆಯ ನಿಲುವಂಗಿ ತೊಟ್ಟ ರಷ್ಯನ್ ಡಾಕ್ಟರೊಬ್ಬ ಕೋಣೆಗೆ ನುಗ್ಗಿ, ಗುದದ್ವಾರ ಪರೀಕ್ಷೆ ಮಾಡಬೇಕೆಂದು ಹಟ ಹಿಡಿದ. ಆ ಡಾಕ್ಟರು ವಿಲಿಯಮ್ಸ್. ಅಪಘಾತವಾದ ಮೇಲೆ ತಾನು ಮೊದಲ ಸಲ ನಕ್ಕಿದ್ದು ಆಗ, ಇನ್ನು ಬದುಕಬಹುದು ಅನಿಸಿದ್ದೂ ಆಗಲೇ ಎಂದು ರೀವ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಂಥ ಹಾಸಿಗೆಯ ಪಕ್ಕ ಯಾವ ಜೋಕು ಸಲ್ಲುತ್ತದೆ ಎಂದು ತಿಳಿಯಲು ಗೆಳೆಯನನ್ನು ಇಪ್ಪತ್ತು ವರ್ಷ ಕೇಳಿಸಿಕೊಂಡಿರಬೇಕು.

ಇನ್ನು ಕೊನೆಯ ಅಧ್ಯಾಯ. 2011ರಲ್ಲಿ ಬ್ರಾಡ್‌ವೇಯ ‘ಬೆಂಗಾಲ್ ಟೈಗರ್ ಅಟ್ ದಿ ಬಾಗ್ದಾದ್ ಝೂ’ ನಾಟಕದಲ್ಲಿ ನೂರಾರು ಸಾಲುಗಳ ಪಾತ್ರವನ್ನು ಕೆಲವು ದಿನ ಎರಡೆರಡು ಪ್ರದರ್ಶನದಂತೆ ಒಂದು ತಪ್ಪೂ ಇಲ್ಲದೆ ನಿಭಾಯಿಸಿದ್ದರು. ಮೂರು ವರ್ಷದ ನಂತರ ವ್ಯಾಂಕೂವರ್‌ನಲ್ಲಿ ‘ನೈಟ್ ಅಟ್ ದಿ ಮ್ಯೂಸಿಯಂ’ ಸರಣಿಯ ಮೂರನೆಯ ಚಿತ್ರದ ಶೂಟಿಂಗ್‌ನಲ್ಲಿ ಒಂದು ಸಾಲು ನೆನಪಿಡುವುದೂ ಕಷ್ಟವಾಯಿತು. ಪತ್ನಿ ಸೂಸನ್ ಶ್ನೈಡರ್ ವಿಲಿಯಮ್ಸ್ 2016ರಲ್ಲಿ ‘ನ್ಯೂರಾಲಜಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನೆಲ್ಲ ಬರೆದರು. ಮೇ 2014ರಲ್ಲಿ ವೈದ್ಯರು ಪಾರ್ಕಿನ್ಸನ್ ಎಂದರು. ಆಗಸ್ಟ್ 11ರಂದು, ತಮ್ಮ 63ನೆಯ ವಯಸ್ಸಿನಲ್ಲಿ, ವಿಲಿಯಮ್ಸ್ ತಾವೇ ಜೀವ ಕೊನೆಗೊಳಿಸಿಕೊಂಡರು. ಶವಪರೀಕ್ಷೆಯಲ್ಲಿ ಕಂಡದ್ದು ಲ್ಯೂಯಿ ಬಾಡಿ ಎಂಬ ಕಾಯಿಲೆ. ಮಿದುಳಿನ ಜೀವಕೋಶಗಳಲ್ಲಿ ಒಂದು ಬಗೆಯ ಪ್ರೊಟೀನು ಗಡ್ಡೆಗಟ್ಟಿ ನೆನಪು, ಚಲನೆ, ನಿದ್ದೆ, ವಿವೇಚನೆ ಎಲ್ಲವನ್ನೂ ಕೆಡಿಸುತ್ತದೆ. ಅವರಲ್ಲಿ ಅದು ಮಿದುಳಿನ ತುಂಬ ಹರಡಿತ್ತು. ನಗಿಸುವವರು ಒಳಗೊಳಗೇ ಅಳುತ್ತಾರೆ ಎಂಬ ಹಳೆಯ ಮಾತನ್ನು ಅವರ ಸಾವಿಗೆ ಅಂಟಿಸಿದ್ದು ದೊಡ್ಡ ಅನ್ಯಾಯ. ಖಿನ್ನತೆ ಇತ್ತು, ನಿಜ. ಆದರೆ ಅದು ಆ ಕಾಯಿಲೆಯ ಹತ್ತಾರು ಲಕ್ಷಣಗಳಲ್ಲಿ ಒಂದು. ಅವರನ್ನು ಸೋಲಿಸಿದ್ದು ಮಿದುಳಿನ ರೋಗ.

ಸಾವಿಗೆ ಮೊದಲೇ ಅವರು ಒಂದು ವಿಶೇಷ ಏರ್ಪಾಡು ಮಾಡಿದ್ದರು. ಸತ್ತ ಮೇಲೆ 25 ವರ್ಷ, ಅಂದರೆ 2039ರವರೆಗೆ, ತಮ್ಮ ಹೆಸರು ಮತ್ತು ರೂಪವನ್ನು ಜಾಹೀರಾತಿಗೆ ಬಳಸುವುದಕ್ಕೆ ಕಡಿವಾಣ ಹಾಕಿದ್ದರು. ಕೃತಕ ಬುದ್ಧಿಮತ್ತೆಯಿಂದ ಅವರ ದನಿಯನ್ನು ಮರುಸೃಷ್ಟಿಸುವ ಪ್ರಯತ್ನಗಳು ನಡೆದಾಗ ಮಗಳು ಝೆಲ್ಡಾ 2023ರಲ್ಲಿ ಬಹಿರಂಗವಾಗಿ ವಿರೋಧಿಸಿದರು. ಅದೇ ವರ್ಷ ಡಿಸ್ನಿ ತನ್ನ ಶತಮಾನೋತ್ಸವದ ಕಿರುಚಿತ್ರಕ್ಕೆ ಜೀನಿಯ ದನಿ ಬೇಕಾದಾಗ, ಕುಟುಂಬದ ಒಪ್ಪಿಗೆ ಪಡೆದು, ಅಂದಿನ ಧ್ವನಿಮುದ್ರಣದಲ್ಲಿ ಬಳಸದೆ ಉಳಿದಿದ್ದ ಮಾತುಗಳನ್ನು ಬಳಸಿತು. ಇದೇ ಸರಿಯಾದ ದಾರಿ. ಮಗಳ ವಿರೋಧದ ಹಿಂದೆ ಅಪ್ಪನ ಮೇಲಿನ ಮಮತೆಯ ಜೊತೆಗೆ ಕಲೆಯ ಸತ್ಯವೂ ಇದೆ. ಯಂತ್ರ ಅವರ ದನಿಯನ್ನು ತರಬಹುದು. ಆದರೆ ಆ ಮಾತುಗಳು ಹುಟ್ಟಿದ್ದು ಎದುರಿಗೊಬ್ಬರು ಇದ್ದದ್ದರಿಂದ: ಶಾಲು ಕೊಟ್ಟ ಪ್ರೇಕ್ಷಕಿ, ನಗು ತಡೆಯಲಾರದ ಡೇಮನ್, ಆಸ್ಪತ್ರೆಯ ಹಾಸಿಗೆಯ ಗೆಳೆಯ.

ಹಾಸ್ಯನಟನಾಗಬೇಕು, ವೇದಿಕೆ ಏರಬೇಕು ಎನ್ನುವ ಮಕ್ಕಳಿಗೆ ವಿಲಿಯಮ್ಸ್ ಅವರ ಬಿರುಸಿನ ತುಣುಕುಗಳನ್ನಷ್ಟೇ ತೋರಿಸಿದರೆ ಅವರು ಬಿರುಸನ್ನು ಮಾತ್ರ ಕಲಿತಾರು. ಅವರಿಗೆ ‘ಗುಡ್ ವಿಲ್ ಹಂಟಿಂಗ್’ನ ಆ ದೃಶ್ಯವನ್ನು ದನಿ ಅಡಗಿಸಿ ತೋರಿಸಬೇಕು, ವಿಲಿಯಮ್ಸ್ ಅವರ ಕಣ್ಣನ್ನಷ್ಟೇ ನೋಡಿ ಎನ್ನಬೇಕು. ಆ ಕಣ್ಣು ಮತ್ತೆ ಮತ್ತೆ ಎದುರಿನವನ ಮುಖಕ್ಕೇ ಮರಳುತ್ತದೆ. ಮುಂದಿನ ಮಾತು ಏನಿರಬೇಕೆಂದು ಅವರು ಹುಡುಕುತ್ತಿದ್ದದ್ದು ಅಲ್ಲೇ. ಅಷ್ಟನ್ನು ಕಲಿತವರಿಗೆ ಮಾತು ತಾನಾಗಿ ಬರುತ್ತದೆ.